ಬಯೋನೆಟ್ಟಿನ ಉದ್ದ

ಮಲಪ್ರಭೆಯ ದಂಡೆಯ ಒಂದು ಸಣ್ಣ ಮಠದಲ್ಲಿ ಗುರುಪಾದ ಅಜ್ಜ ಇದ್ದರು. ಸನ್ಯಾಸಕ್ಕೆ ಮೊದಲು ಅವರು ಕಾಲ್ದಳದ ಸಿಪಾಯಿ. ಆ ಮಾತನ್ನು ಅವರು ಎತ್ತುತ್ತಿರಲಿಲ್ಲ, ಬೇರೆಯವರೂ ಕೇಳುತ್ತಿರಲಿಲ್ಲ.

ಕೇಳಿದವನು ಶಿಷ್ಯ ಚೆನ್ನವೀರ. ಗುರು ಕಾದಿದ ಯುದ್ಧವನ್ನೇ ಅವನು ಚೌಕ ಚೌಕಗಳಲ್ಲಿ ಚಿತ್ರ ಬರೆಯುವ ಚಿತ್ರಕಥೆಯ ಪುಸ್ತಕ ಮಾಡುತ್ತಿದ್ದ. ಮೂರು ವರ್ಷ ಮ್ಯೂಸಿಯಮ್ಮುಗಳಿಗೆ ಅಲೆದು ಬಂದೂಕು, ಗ್ರೆನೇಡುಗಳ ಅಳತೆ ಬರೆದು ತಂದಿದ್ದ. ಚಿತ್ರದ ಬಂದೂಕಿನಲ್ಲಿ ಒಂದು ತಿರುಪು ತಪ್ಪಿದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಮನುಷ್ಯರಿಗಾಗಿ ಅವನು ಇಷ್ಟು ತಲೆ ಕೆಡಿಸಿಕೊಂಡದ್ದನ್ನು ನಾನಂತೂ ಕಾಣೆ.

"ಅಜ್ಜಾರ, ಬಂದೂಕಿನ ತುದಿಗೆ ಸಿಕ್ಕಸೋ ಚೂರಿ, ಬಯೋನೆಟ್, ಮೊಳ ಉದ್ದ ಇತ್ತೋ, ಗೇಣುದ್ದ ಇತ್ತೋ? ಪುಸ್ತಕದಾಗ ಒಂದು ಐತಿ, ಮ್ಯೂಸಿಯಮ್ಮಿನಾಗ ಇನ್ನೊಂದು."

ಅಜ್ಜ ಗಿಡಗಳಿಗೆ ನೀರು ಹಾಕುತ್ತಿದ್ದರು. "ಯಾಕ ಬೇಕು?"

"ಸುಳ್ಳು ಬರಿಬಾರದ್ರಿ. ನೀವು ಸರಿ ಅಂದರಷ್ಟ ಅಚ್ಚಿಗೆ ಕೊಡ್ತೀನಿ. ಒಂದು ತಪ್ಪಿದ್ರೂ ಈ ಹಾಳಿ ಎಲ್ಲಾ ಹೊಳಿಗೆ ಹಾಕ್ತೀನಿ."

ಅಜ್ಜ ಕೈ ಒರೆಸಿಕೊಂಡು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಒಂದರಲ್ಲಿ ನಿಂತರು.

ಅಲ್ಲಿ ಒಂದು ಚೌಕದಲ್ಲಿ ಸಿಪಾಯಿ ಶತ್ರುವಿನ ಎದೆಗೆ ಬಯೋನೆಟ್ ಚುಚ್ಚುತ್ತಿದ್ದ. ಪಕ್ಕದ ಚೌಕದಲ್ಲಿ ಅದೇ ಸಿಪಾಯಿ ಗುಡ್ಡ ಹತ್ತಿ ಓಡುತ್ತಿದ್ದ.

"ಉದ್ದ ಸರಿ ಐತೇನ್ರಿ?"

"ಬಾ."

ಅಜ್ಜ ಆ ಹಾಳೆಯನ್ನು ಹಿಡಿದೇ ಹಿತ್ತಲಿಗೆ ನಡೆದರು. ಗೊನೆ ಕಡಿದು ಉರುಳಿಸಿದ ಬಾಳೆಯ ಕಂಬ ಬಿದ್ದಿತ್ತು. ಮೂಲೆಯಲ್ಲಿದ್ದ ಹಾರೆಯನ್ನು ಶಿಷ್ಯನ ಕೈಗೆ ಕೊಟ್ಟರು.

"ಚುಚ್ಚು."

ಚುಚ್ಚಿದ. ಹಾರೆ ಸಲೀಸಾಗಿ ಇಳಿಯಿತು.

"ಕಿತ್ತು ತಗಿ."

ಬರಲಿಲ್ಲ. ಎರಡೂ ಕೈ ಹಾಕಿ ಜಗ್ಗಿದ. ಕಂಬವೇ ಮೇಲೆದ್ದು ಬಂತು.

"ಹಂಗ ಬರಂಗಿಲ್ಲ. ಮ್ಯಾಲ ಕಾಲಿಟ್ಟು ಎಳಿ."

ಚೆನ್ನವೀರ ಕಂಬದ ಮೇಲೆ ಕಾಲು ಊರಿ ಎಳೆದ. ಪಚಕ್ಕೆಂದು ಹಾರೆ ಕಿತ್ತು ಬಂತು. ರಸ ಅವನ ಧೋತರಕ್ಕೆಲ್ಲ ಸಿಡಿಯಿತು. ಅವನಿಗೆ ನಗು ಬಂತು.

"ಅವ ನನ್ನ ಬೂಟು ಹಿಡಕೊಂಡಿದ್ದ," ಅಂದರು ಅಜ್ಜ. "ನನ್ನ ವಯಸ್ಸಿನವನ. ಏನೋ ಹೇಳಾಕತ್ತಿದ್ದ. ಅವನ ಭಾಷಾ ನನಗ ತಿಳೀಲಿಲ್ಲ."

ಚೆನ್ನವೀರ ಕಂಬದ ಮೇಲಿಂದ ಕಾಲು ತೆಗೆದ. ನಕ್ಕದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಗುರುವಿನ ಮುಖ ನೋಡಲು ಹೆದರಿಕೆಯೂ ಆಯಿತು.

"ಚುಚ್ಚಿದ್ದು ಬರದೀ. ಓಡಿದ್ದೂ ಬರದೀ. ಕಿತ್ತಿದ್ದು ಎಲ್ಲೈತಿ?"

ಶಿಷ್ಯ ಹಾಳೆಯಲ್ಲಿ ಎರಡು ಚೌಕಗಳ ನಡುವಿನ ಬಿಳಿ ಪಟ್ಟಿಯನ್ನು ತೋರಿಸಿದ.

"ಅದು ಎರಡು ಚೌಕದ ನಡುವ ಬಿಟ್ಟ ಸಂದಿನಾಗ ಆಗಿರತೈತ್ರಿ ಅಜ್ಜಾರ. ಬರಿಯಂಗಿಲ್ಲ. ಓದಾವ್ರು ತಿಳಕೋತಾರ."

ಅಜ್ಜ ಹಾಳೆಯ ಆ ಬಿಳಿ ಸಂದಿನ ಮೇಲೆ ಬೆರಳಿಟ್ಟರು. ಸಂದಿಗಿಂತ ಬೆರಳೇ ಅಗಲವಿತ್ತು.

"ನಲವತ್ತು ವರ್ಷ ಆತು," ಅಂದರು. "ಇದರಾಗಿಂದ ನಾ ಇನ್ನೂ ಹೊರಗ ಬಂದಿಲ್ಲ."