ನೀಲಿ ಬಾಣದ ಫೋಟೋ

"ಗುರುಗಳೇ, ನಾನು ಯಾವ ಪ್ರವಚನವನ್ನೂ ತಪ್ಪಿಸುವುದಿಲ್ಲ. ತಪ್ಪಿಹೋದ ಮಾತೇ ನನಗೆ ಬೇಕಿದ್ದ ಮಾತಾಗಿದ್ದರೆ ಏನು ಗತಿ ಎಂದು ಎದೆ ಡವಡವ ಎನ್ನುತ್ತದೆ. ಆದರೂ ಮನಸ್ಸಿನಲ್ಲಿ ಒಂದೂ ನಿಲ್ಲುವುದಿಲ್ಲ. ಯಾಕೆ?" ಎಂದು ಶಿಷ್ಯ ಗುರುಪಾದ ಕೇಳಿದ.

"ಓಡಾಡಿ ಓಡಾಡಿ ಸೊರಗಿದ್ದೀಯ. ಮೊದಲು ಕೂತುಕೋ ಮಾರಾಯ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಬಾಣಬಿರುಸು ಕಟ್ಟುವ ಮುದುಕನಿದ್ದ. ದೀಪಾವಳಿಗೆ ಕೆರೆಯ ದಂಡೆಯಲ್ಲಿ ತಾನೇ ನಿಂತು ಹಾರಿಸುತ್ತಿದ್ದ. ಒಂದು ವರ್ಷ ಅವನು ಫೋಟೋ ತೆಗೆಯುವವನೊಬ್ಬನ ಬಳಿ ಬಂದ.

"ತಮ್ಮಾ, ಬತ್ತಿಗೆ ಕಿಡಿ ಮುಟ್ಟಿಸಿ ತಲೆ ತಗ್ಗಿಸಿ ಓಡುವುದರಲ್ಲೇ ನನ್ನ ಆಯುಸ್ಸು ಕಳೆಯಿತು. ನಾನು ಕಟ್ಟಿದ ಬಾಣ ಮೇಲೆ ಹೇಗೆ ಅರಳುತ್ತದೆ ಎಂದು ನಾನೇ ಕಂಡಿಲ್ಲ. ಈಗ ಕಣ್ಣೂ ಮಂಜಾಗುತ್ತಿದೆ. ನೀಲಿ ಬಣ್ಣ ಸುಲಭಕ್ಕೆ ಒಲಿಯುವುದಿಲ್ಲ, ಈ ಸಲ ಒಲಿದೀತು ಎನ್ನಿಸುತ್ತಿದೆ. ನೀಲಿ ಕಟ್ಟಿರುವುದು ಒಂದೇ, ಮೊದಲು ಹಾರುವುದು ಅದೇ. ಹಿಡಿದುಕೊಡು, ಕಣ್ಣಿರುವಾಗಲೇ ನೋಡಿಕೊಳ್ಳುತ್ತೇನೆ."

"ಅದಕ್ಕೇನು ಅಜ್ಜ, ಆಗಲಿ" ಎಂದ ಅವನು.

ಕತ್ತಲಲ್ಲಿ ಬಾಣದ ಫೋಟೋ ತೆಗೆಯುವ ಕ್ರಮವೇ ಬೇರೆ. ಬಾಣ ಏಳುವಾಗ ಕ್ಯಾಮೆರಾದ ಗುಂಡಿ ಒತ್ತಿ ಹಿಡಿಯಬೇಕು. ಒತ್ತಿದಷ್ಟು ಹೊತ್ತೂ ಬಂದ ಬೆಳಕೆಲ್ಲ ಒಂದೇ ಫೋಟೋದೊಳಗೆ ಬೀಳುತ್ತದೆ. ಬಾಣ ಅರಳಿ ಆರುತ್ತಿದ್ದಂತೆ ಬೆರಳು ತೆಗೆಯಬೇಕು. ಇಷ್ಟೇ ವಿದ್ಯೆ.

ನೀಲಿ ಬಾಣ ಎದ್ದಿತು. ಅವನು ಒತ್ತಿದ. ಅದು ಅರಳಿತು. ಬೆರಳು ತೆಗೆಯಬೇಕು ಎನ್ನುವಷ್ಟರಲ್ಲಿ ಅವನಿಗೆ ದಿಗಿಲು ಹುಟ್ಟಿತು. ಇದು ಸಾಲದೇ ಹೋದರೆ? ಬೆರಳು ತೆಗೆದ ಕೂಡಲೇ ಇದಕ್ಕಿಂತ ಒಳ್ಳೆಯದು ಅರಳಿಬಿಟ್ಟರೆ? ಇನ್ನೊಂದು ಬರಲಿ ಎಂದು ಒತ್ತಿಕೊಂಡೇ ಇದ್ದ. ಕೆಂಪು ಬಂತು, ಹೊಂಬಣ್ಣ ಬಂತು, ಬೆಳ್ಳಿ ಸುರಿಯಿತು. ಇಷ್ಟು ಹಿಡಿದ ಮೇಲೆ ಬಿಡುವುದಕ್ಕೆ ಇನ್ನೂ ಹೆದರಿಕೆ. ಪುಣ್ಯಾತ್ಮ, ಕೊನೆಯ ಬಾಣ ಆರಿದ ಮೇಲೆಯೇ ಬೆರಳು ತೆಗೆದದ್ದು!

ಮರುದಿನ ಮುದುಕ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದ. ಆ ಕಡೆ ಈ ಕಡೆ ತಿರುಗಿಸಿದ. ಸುಣ್ಣ ಬಳಿದ ಗೋಡೆಯ ಹಾಗೆ ಬರೀ ಬಿಳಿ.

"ಇದರಲ್ಲಿ ನನ್ನ ನೀಲಿ ಎಲ್ಲಿ?"

"ಇದೆ ಅಜ್ಜ. ಒಂದನ್ನೂ ಬಿಟ್ಟಿಲ್ಲ, ಎಲ್ಲವೂ ಇದರಲ್ಲೇ ಇವೆ."

"ಹೋಗಲಿ ಬಿಡು. ನೀನು ಕಣ್ಣಾರೆ ನೋಡಿದ್ದೀಯಲ್ಲ, ಹೇಗಿತ್ತು ಹೇಳು."

ಅವನು ನೀಲಿಯನ್ನು ನೋಡಿಯೇ ಇರಲಿಲ್ಲ. ನೀಲಿ ಅರಳುವಾಗ ಅವನು ಮುಂದಿನ ಬಾಣ ಎಲ್ಲಿಂದ ಏಳುವುದೋ ಎಂದು ನೋಡುತ್ತಿದ್ದ. ಮುದುಕ ಫೋಟೋವನ್ನು ಅವನ ಕೈಗೇ ಕೊಟ್ಟು ಹೊರಟುಹೋದ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನ ಕಣ್ಣಲ್ಲಿ ನೀರಾಡಿತು. "ಪೂರ್ತಿ ತಿಳಿಯಿತೋ ಇಲ್ಲವೋ ಎಂದು ಹೆದರಿಕೆಯಾಗುತ್ತಿದೆ. ಇನ್ನೊಂದು ಕತೆ ಹೇಳಿಬಿಡಿ ಗುರುಗಳೇ" ಎಂದ.

"ಬೆರಳು ತೆಗೆಯೋ" ಎಂದರು ಗುರುಗಳು.