ಕೆಂಪು ಬಸ್ಸು ಮತ್ತು ಎರಡು ಆವೃತ್ತಿಗಳು

ಕಂಪ್ಯೂಟರಿನ ಡ್ರೈವಿಂಗ್ ಆಟವೊಂದಕ್ಕೆ ಅಭಿಮಾನಿಗಳು ತಾವೇ ಒಂದು ಕೆಂಪು ಬಸ್ಸು ಮಾಡಿ ಸೇರಿಸಿದ್ದರು. ಆಟದ ಹಳೆಯ ಆವೃತ್ತಿಯಲ್ಲಿ ಅದು ದಿನವೂ ಘಾಟಿ ಇಳಿಯುತ್ತಿತ್ತು. ಅಷ್ಟರಲ್ಲಿ ಹೊಸ ಆವೃತ್ತಿ ಬಂತು. ಅದರ ಬೆಳಕು, ಮಳೆ ಕಂಡು ಮರುಳಾದ ಬಸ್ಸು, "ನನ್ನನ್ನೂ ಸೇರಿಸಿಕೊಳ್ಳಿ, ಪ್ರಯಾಣಿಕರು ಕಾಯುತ್ತಿದ್ದಾರೆ" ಎಂದು ಕೇಳಿತು.

ಹೊಸ ಆವೃತ್ತಿ ಅದನ್ನು ಖಾಲಿ ಮೈದಾನದಲ್ಲಿ ಓಡಿಸಿ ನೋಡಿತು. ಬ್ರೇಕ್ ಒತ್ತಿದರೂ ಚಕ್ರ ನಿಲ್ಲಲಿಲ್ಲ.

"ನಿನ್ನ ಬ್ರೇಕ್ ನನಗಿನ್ನೂ ಹೊಂದುತ್ತಿಲ್ಲ. ನನ್ನ ಅಣ್ಣ ಹಳೆಯ ಆವೃತ್ತಿಗೆ ಹೊಂದುತ್ತದೆ, ಅವನಲ್ಲಿಗೇ ಹೋಗು."

"ಬಂದವರನ್ನು ಹಿಂದಕ್ಕೆ ಕಳಿಸಿದರೆ ನಿಮ್ಮ ಹೆಸರಿಗೆ ಕುಂದಲ್ಲವೇ?"

"ನಲವತ್ತು ಜನ ಕಣಿವೆಗೆ ಬಿದ್ದ ಮೇಲೆ ಹೆಸರು ಇಟ್ಟುಕೊಂಡು ಏನು ಮಾಡಲಿ?"

ಬಸ್ಸು ಮರಳಿ ಹೋಗಿ, ಅಂದೂ ಘಾಟಿ ಇಳಿದು, ಎಲ್ಲರನ್ನೂ ಊರು ಮುಟ್ಟಿಸಿತು. ಪ್ರಯಾಣಿಕರು ಹಳೆಯ ಆವೃತ್ತಿಯನ್ನು ಬಾಯಿತುಂಬ ಹೊಗಳಿದರು.

"ನಿಮ್ಮನ್ನು ಕಾಪಾಡಿದವರು ಇಬ್ಬರು" ಎಂದಿತು ಬಸ್ಸು.