ಮೂರು ಮನೆಗೆ ಒಂದೇ ಕಿಂಡಿ

ನೇಮಿರಾಜನೆಂಬ ಶಿಷ್ಯ ಕೇಳಿದ: "ಗುರುಗಳೇ, ಐದು ಗ್ರಂಥಾಲಯಗಳಿಗೆ ಸೇರಿ ಒಂದೇ ಹುಡುಕುಪುಟ ಮಾಡಿದ್ದೇವೆ. ಎಲ್ಲ ಪುಸ್ತಕಗಳೂ ಅದರಲ್ಲಿವೆ, ಒಂದನ್ನೂ ಬಿಟ್ಟಿಲ್ಲ. ಆದರೂ ಜನ ಬರುತ್ತಾರೆ, ತಮಗೆ ತೋಚಿದ ಪದ ಒತ್ತುತ್ತಾರೆ, ಸಿಗಲಿಲ್ಲವೆಂದು ಎದ್ದು ಹೋಗುತ್ತಾರೆ. ಕೇಳಲು ಬಾರದವರಿಗೆ ಕೇಳುವುದನ್ನು ಕಲಿಸುವುದು ಹೇಗೆ?"

ಗುರುಗಳು ನಲವತ್ತು ವರ್ಷ ಪುಸ್ತಕಗಳ ನಡುವೆ ಕೆಲಸ ಮಾಡಿ ನಿವೃತ್ತರಾದವರು. ಪ್ರಶ್ನೆಗೆ ನೇರ ಉತ್ತರ ಕೊಡಲಿಲ್ಲ. ಈ ಕತೆ ಹೇಳಿದರು.

ಅಚ್ಚಿನ ಪುಸ್ತಕ ಬರುವುದಕ್ಕೆ ಮೊದಲಿನ ಮಾತು. ಒಂದು ಸೀಮೆಯಲ್ಲಿ ಮೂರು ಪುಸ್ತಕದ ಮನೆಗಳಿದ್ದವು. ಒಂದು ಮಠದಲ್ಲಿ, ಒಂದು ಬಸದಿಯಲ್ಲಿ, ಇನ್ನೊಂದು ವೈದ್ಯರ ಮನೆಯಲ್ಲಿ. ಎಲ್ಲವೂ ಓಲೆಗರಿಯ ಕಟ್ಟುಗಳು. ಮೂರು ಕಡೆಯೂ ಅವುಗಳನ್ನು ನೋಡಿಕೊಳ್ಳುವ ಒಬ್ಬೊಬ್ಬ ಮುದುಕರಿದ್ದರು. ಯಾರಾದರೂ ಬಂದರೆ ಆ ಮುದುಕರು ಮೊದಲು, "ಏನಾಯಿತು?" ಎಂದು ಕೇಳುತ್ತಿದ್ದರು. ಬಂದವನು ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದ. ಮುದುಕರು ಒಳಗೆ ಹೋಗಿ ಒಂದು ಕಟ್ಟು ತರುತ್ತಿದ್ದರು. ಅದರ ಹೆಸರು ಬಂದವನಿಗೆ ಗೊತ್ತಿರುತ್ತಿರಲಿಲ್ಲ. ಗೊತ್ತಿರಬೇಕೆಂದು ಯಾರೂ ಹೇಳುತ್ತಲೂ ಇರಲಿಲ್ಲ.

ಮುದುಕರು ಒಬ್ಬೊಬ್ಬರಾಗಿ ತೀರಿಕೊಂಡರು. ಆಮೇಲೆ ಯಾವ ಕಟ್ಟು ಎಲ್ಲಿದೆ ಎಂದು ತಿಳಿಯದೆ ಜನ ಈ ಮನೆಯಿಂದ ಆ ಮನೆಗೆ ಅಲೆಯುವಂತಾಯಿತು. ಅದನ್ನು ನೋಡಿ ಮೂರು ಮನೆಯವರೂ ಒಂದು ಒಳ್ಳೆಯ ಕೆಲಸಕ್ಕೆ ಒಪ್ಪಿದರು. ಮೂರು ಊರಿನ ದಾರಿಗಳು ಕೂಡುವಲ್ಲಿ ಒಂದು ಮಂಟಪ. ಅದರಲ್ಲಿ ಮೂರು ಮನೆಯ ಕಟ್ಟುಗಳಿಗೂ ಸೇರಿ ಒಂದೇ ಪಟ್ಟಿ. ಪಟ್ಟಿಯ ಮುಂದೆ ಒಂದು ಕಿಂಡಿ. ಕಿಂಡಿಯಲ್ಲಿ ಕೇಳಿದರೆ, ಬೇಕಾದ ಕಟ್ಟು ಯಾವ ಮನೆಯಲ್ಲಿದೆ ಎಂದು ಚೀಟಿ ಬರೆದುಕೊಡುವುದು.

ಪಟ್ಟಿ ಮಾಡಲು ಮಠದ ಪಂಡಿತರು, ಬಸದಿಯ ಉಪಾಧ್ಯಾಯರು ಮತ್ತು ವೈದ್ಯರು ಕುಳಿತರು. ಮೂವರೂ ಓದಿಕೊಂಡವರು. ಮೂವರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಮಠದಲ್ಲಿ ಒಂದು ಕಟ್ಟನ್ನು ಅದರ ಮೊದಲ ಪದದಿಂದ ಗುರುತಿಸುತ್ತಿದ್ದರು. ಬಸದಿಯಲ್ಲಿ ಬರೆದವರ ಹೆಸರಿನಿಂದ. ವೈದ್ಯರ ಮನೆಯಲ್ಲಿ ವಿಷಯದಿಂದ, ಅದೂ ಸಂಸ್ಕೃತದಲ್ಲಿ. ಮೂರು ತಿಂಗಳು ವಾದ ನಡೆಯಿತು. ಯಾರೂ ತಮ್ಮ ಪದ್ಧತಿ ಬಿಡಲಿಲ್ಲ. ಕೊನೆಗೆ ಮೂರನ್ನೂ ಇಟ್ಟುಕೊಂಡರು. ಕೇಳಲು ಬಂದವನು ಮನೆ ಗೊತ್ತಿದ್ದರೆ ಮೊದಲು ಅದನ್ನು ಹೇಳಬೇಕು. ಆಮೇಲೆ ಕರ್ತೃವನ್ನೋ, ಮೊದಲ ಪದವನ್ನೋ, ವಿಷಯವನ್ನೋ ಹೇಳಬೇಕು. ಒಂದು ಕಟ್ಟಿಗೆ ಒಂದೇ ಸಾಲು ಎಂಬುದು ಇನ್ನೊಂದು ನಿಯಮ.

ವೈದ್ಯರಿಗೆ ಅಲ್ಲಿ ಸ್ವಲ್ಪ ಅನುಮಾನ ಬಂತು. ಅವರ ಮನೆಯಲ್ಲಿ ಕುದುರೆಗಳ ಚಿಕಿತ್ಸೆಯ ಒಂದು ಕಟ್ಟಿತ್ತು. ಅದರ ಕೊನೆಯಲ್ಲಿ ಅವರ ತಂದೆ ಒಂಬತ್ತು ಗರಿಗಳನ್ನು ಬೇರೆಯಾಗಿ ಬರೆದು ಸೇರಿಸಿದ್ದರು. ಅದು ದನಗಳ ವಿಷಯ, ಕನ್ನಡದಲ್ಲಿತ್ತು. ಅದಕ್ಕೊಂದು ಸಾಲು ಬೇಕಲ್ಲವೆ ಎಂದು ಅವರು ಯೋಚಿಸಿದರು. ನಿಯಮ ನೆನಪಾಯಿತು. ಕುದುರೆಯ ಹೆಸರಷ್ಟನ್ನೇ ಬರೆದರು.

ಪಟ್ಟಿ ಮುಗಿದ ಮೇಲೆ ಪರೀಕ್ಷೆ ಮಾಡಿದರು. ಪಂಡಿತರು ತಾವೇ ಪ್ರತಿ ಮಾಡಿದ್ದ ಒಂದು ಕಟ್ಟನ್ನು ಕೇಳಿದರು. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತಿನಲ್ಲಿ ಸಿಕ್ಕಿತು. ಉಪಾಧ್ಯಾಯರು ತಮ್ಮ ಗುರುಗಳ ಕಟ್ಟನ್ನು ಕೇಳಿದರು. ಅದೂ ಸಿಕ್ಕಿತು. ಎಲ್ಲರಿಗೂ ಸಂತೋಷವಾಯಿತು.

"ದಾರಿಯಲ್ಲಿ ಹೋಗುವ ಯಾರನ್ನಾದರೂ ಕರೆದು ಒಮ್ಮೆ ಕೇಳಿಸಿ ನೋಡೋಣವೆ?" ಎಂದರು ವೈದ್ಯರು.

"ಅವರಿಗೆ ಏನು ಗೊತ್ತು ಅಂತ ಕೇಳಿಸುವುದು?" ಎಂದರು ಪಂಡಿತರು.

ಮೂರನೆಯ ದಿನ ಕಿಂಡಿ ತೆರೆಯಿತು.

ಆ ಸೀಮೆಯ ಬಯಲಿನಲ್ಲಿ ದನ ಕಾಯುವವರ ಹಟ್ಟಿಗಳಿದ್ದವು. ಒಂದು ಹಟ್ಟಿಯಲ್ಲಿ ಕರಿಯಕ್ಕ ಎಂಬ ಹೆಂಗಸಿದ್ದಳು. ಗಂಡ ಸತ್ತಿದ್ದ. ನಲವತ್ತು ದನಗಳಿದ್ದವು. ಅವಳೂ ಅವಳ ಇಬ್ಬರು ಹೆಣ್ಣುಮಕ್ಕಳೂ ಅವುಗಳ ಮೇಲೆ ಬದುಕಿದ್ದರು. ಆ ವರ್ಷ ದನಗಳಿಗೆ ಒಂದು ಬೇನೆ ಬಂತು. ಗಂಟಲು ಬಾತು, ಉಸಿರು ಗೊರಗೊರ ಎಂದು, ಎರಡು ದಿನದಲ್ಲಿ ದನ ಬೀಳುತ್ತಿತ್ತು. ಹಟ್ಟಿಯವರು ಅದಕ್ಕೆ ಗೊರಕೆ ಬೇನೆ ಎನ್ನುತ್ತಿದ್ದರು. ಮೂವತ್ತು ವರ್ಷಕ್ಕೊಮ್ಮೆ ಬರುವ ಬೇನೆ. ಹಿಂದಿನ ಸಲ ಬಂದಾಗ ಕರಿಯಕ್ಕನ ಅಪ್ಪ ಕ್ಯಾತಣ್ಣ ಹಟ್ಟಿಯ ಅರ್ಧಕ್ಕಿಂತ ಹೆಚ್ಚು ದನ ಉಳಿಸಿದ್ದ. ಮುಂದೆ ಬಂದಾಗ ತಾನು ಇರುವುದಿಲ್ಲವೆಂದು, ವೈದ್ಯರ ಮನೆಗೆ ನಡೆದುಹೋಗಿ, ಅದರ ಮದ್ದನ್ನು ಹೇಳಿ ಬರೆಸಿದ್ದ. ಕರಿಯಕ್ಕ ಆಗ ಐದು ವರ್ಷದ ಮಗು. ಅಪ್ಪ ಹೇಳಿ ಬರೆಸಿದ್ದ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ಎರಡು ದನ ಬಿದ್ದ ಮಾರನೆಯ ಬೆಳಿಗ್ಗೆ ಅವಳು ವೈದ್ಯರ ಮನೆಗೆ ಹೊರಟಳು. ದಾರಿಯಲ್ಲಿ ಸಿಕ್ಕಿದವರು, ಈಗ ಎಲ್ಲವನ್ನೂ ಮಂಟಪದಲ್ಲೇ ಕೇಳಬೇಕು, ಚೀಟಿ ಇಲ್ಲದೆ ಯಾವ ಮನೆಯಲ್ಲೂ ಕಟ್ಟು ತೋರಿಸುವುದಿಲ್ಲ ಎಂದರು. ಅವಳು ಅತ್ತ ತಿರುಗಿದಳು. ಕಿಂಡಿಯಲ್ಲಿ ಒಬ್ಬ ಪಟ್ಟಿಗಾರ ಕುಳಿತಿದ್ದ. ಸಾಧು ಮನುಷ್ಯ. ಅವಳು ಗೊರಕೆ ಬೇನೆಯ ಮದ್ದು ಬೇಕೆಂದಳು.

"ಯಾವ ಮನೆಯ ಕಟ್ಟಮ್ಮ?"

"ವೈದ್ಯರ ಮನೇದು."

"ವಿಷಯದಲ್ಲಿ ಗೊರಕೆ ಅಂತ ಇಲ್ಲ. ಮೊದಲ ಪದ ಗೊತ್ತೆ?"

"ನಮ್ಮಪ್ಪ ಎಲ್ಲಿಂದ ಸುರು ಮಾಡಿದ್ನೋ, ನಾನೆಂಗೆ ಹೇಳ್ಲಿ ಸ್ವಾಮಿ?"

"ಬರೆದವರು ಯಾರು?"

"ಕ್ಯಾತಣ್ಣ."

ಪಟ್ಟಿಗಾರ 'ಕ' ಅಕ್ಷರವನ್ನು ಮೇಲಿನಿಂದ ಕೆಳಗೆ ನೋಡಿದ. ಕ್ಯಾತಣ್ಣ ಇರಲಿಲ್ಲ. ಹೇಳಿದವನ ಹೆಸರನ್ನು ಪಟ್ಟಿಗೆ ಸೇರಿಸುವ ಪದ್ಧತಿ ಇರಲಿಲ್ಲ.

"ಇಲ್ಲ," ಎಂದ ಅವನು.

"ಐತೆ ಸ್ವಾಮಿ. ಅಪ್ಪನೇ ಹೇಳಿ ಬರೆಸಿದ್ದು."

ಅವನು ಪಟ್ಟಿಯನ್ನು ಇನ್ನೊಮ್ಮೆ ನೋಡಿದ. ಪಟ್ಟಿಯಲ್ಲಿ ಇಲ್ಲದ್ದು ಮನೆಯಲ್ಲಿ ಇರಬಹುದೆಂದು ಹೇಳಲು ಅವನಿಗೆ ಅಪ್ಪಣೆ ಇರಲಿಲ್ಲ. "ಇಲ್ಲವಮ್ಮ," ಎಂದು ಮತ್ತೆ ಹೇಳಿದ. ಹಿಂದೆ ನಿಂತಿದ್ದವನು ಮುಂದೆ ಬಂದ.

ಕರಿಯಕ್ಕ ಹಟ್ಟಿಗೆ ಮರಳುವ ಹೊತ್ತಿಗೆ ಇನ್ನೂ ಐದು ದನ ಸತ್ತಿದ್ದವು. ಪಕ್ಕದ ಊರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಐಗಳೊಬ್ಬರಿದ್ದರು. ಅವಳು ಅವರಲ್ಲಿಗೆ ಹೋಗಿ ಅತ್ತಳು. ಐಗಳು ಹೇಳಿದರು: "ನಮ್ಮ ಮಾತು ಅಲ್ಲಿ ನಡೆಯುವುದಿಲ್ಲ ತಾಯಿ. ದನ ಎನ್ನಬೇಡ. ಗೋವು ಎನ್ನು."

ಅವಳು ದಾರಿಯುದ್ದಕ್ಕೂ ಗೋವು, ಗೋವು ಎಂದುಕೊಂಡು ನಡೆದಳು. ಕಿಂಡಿಯಲ್ಲಿ ಹಾಗೆಯೇ ಕೇಳಿದಳು, ಯಾವ ಮನೆಯದಾದರೂ ಸರಿ ಎಂದಳು. ಈ ಸಲ ಪಟ್ಟಿಗಾರನ ಮುಖ ಅರಳಿತು. "ಇದೆಯಮ್ಮ. ಮೂವತ್ತೇಳು ಇವೆ," ಎಂದ. ಅಕ್ಷರದ ಕ್ರಮದಲ್ಲಿ ಒಂದೊಂದಾಗಿ ಓದಿದ. ಗೋವಿನ ದಾನ, ಗೋವಿನ ಪೂಜೆ, ಗೋವಿನ ಮಹಿಮೆ. ಹದಿನೈದನೆಯದಕ್ಕೆ ಬರುವಾಗ ಅವಳಿಗೆ ಮೊದಲಿನವು ಮರೆತುಹೋಗಿದ್ದವು. ಯಾವುದರಲ್ಲಿ ಮದ್ದಿದೆ ಎಂದು ಕೇಳಿದಳು. ಪಟ್ಟಿಯಲ್ಲಿ ಹೆಸರು ಮಾತ್ರ ಇರುತ್ತದೆ, ಒಳಗೇನಿದೆ ಎಂಬುದು ಇರುವುದಿಲ್ಲ ಎಂದ ಅವನು. ಒಂದರ ಹೆಸರಿನಲ್ಲಿ ದೋಷ ಎಂಬ ಮಾತಿತ್ತು. ದೋಷ ಎಂದರೆ ಬೇನೆಯೇ ಇರಬೇಕೆಂದು ಅವಳು ಅದಕ್ಕೆ ಚೀಟಿ ಬರೆಸಿಕೊಂಡಳು.

ಆ ಕಟ್ಟು ಮಠದಲ್ಲಿತ್ತು. ಅರ್ಧ ದಿನದ ದಾರಿ. ಓದಲು ಬಾರದವರಿಗೆ ಅಲ್ಲಿ ಒಬ್ಬರು ಓದಿ ಹೇಳುತ್ತಿದ್ದರು. ಕರಿಯಕ್ಕ ಮಾರನೆಯ ದಿನ ಜಗಲಿಯ ಕೆಳಗೆ ಕುಳಿತು ಮಧ್ಯಾಹ್ನದವರೆಗೆ ಕೇಳಿದಳು. ಹಣೆಯಲ್ಲಿ ಎರಡು ಸುಳಿ ಇದ್ದರೆ ಯಜಮಾನನಿಗೆ ಕೇಡು. ಬೆನ್ನಿನ ಮೇಲೆ ಸುಳಿ ಇದ್ದರೆ ಮನೆತನ ವೃದ್ಧಿ. ಬಾಲದ ಬುಡದ ಸುಳಿಗೆ ಶಾಂತಿ ಮಾಡಿಸಬೇಕು. ಅವಳು ಒಂದು ಮಾತನ್ನೂ ಬಿಡದೆ ಕೇಳಿದಳು. ಮದ್ದು ಮುಂದೆ ಬರಬಹುದು ಎಂದು ಕಾದಳು. ಓದುವವರು ಗರಿಗಳನ್ನು ಮುಚ್ಚಿ ದಾರ ಸುತ್ತಿದರು. ಆಗ ಅವಳಿಗೆ ತಿಳಿಯಿತು. ಎದ್ದು ಕೈಮುಗಿದು ಹೊರಟಳು.

ಮೂರನೆಯ ಸಲ ಅವಳು ಕಿಂಡಿಗೆ ಹೋಗಲಿಲ್ಲ.

ಒಂದು ತಿಂಗಳ ಮೇಲೆ ಒಬ್ಬ ಕಂಬಳಿ ವ್ಯಾಪಾರಿ ವೈದ್ಯರ ಮನೆಗೆ ಬಂದ. ಬಯಲಿನ ಹಟ್ಟಿಗಳಲ್ಲಿ ದನಗಳು ಗೊರಗೊರ ಎನ್ನುತ್ತ ಸಾಯುತ್ತಿವೆ ಎಂದ. ವೈದ್ಯರು ಊಟ ಬಿಟ್ಟು ಎದ್ದರು. ಕುದುರೆಯ ಕಟ್ಟನ್ನು ಬಿಚ್ಚಿ ಕೊನೆಯ ಒಂಬತ್ತು ಗರಿಗಳನ್ನು ತೆಗೆದರು. ಮೊದಲ ಗರಿಯ ಮೊದಲ ಸಾಲಿನಲ್ಲೇ ಇತ್ತು: ಗೊರಕೆ ಬೇನೆಗೆ ಕ್ಯಾತಣ್ಣ ಹೇಳಿದ್ದು. ಅವರು ಆ ಗರಿಗಳನ್ನು ಹಿಡಿದುಕೊಂಡು ಬಯಲಿಗೆ ನಡೆದರು. ಕ್ಯಾತಣ್ಣನ ಮನೆ ಯಾವುದೆಂದು ಕೇಳಿದರು. ಹಟ್ಟಿಯವರು ಕರಿಯಕ್ಕನನ್ನು ತೋರಿಸಿದರು.

ಅವಳ ದೊಡ್ಡಿಯಲ್ಲಿ ಮೂರು ದನಗಳು ನಿಂತಿದ್ದವು.

ವೈದ್ಯರು ನಿಂತುಕೊಂಡೇ ಓದಿದರು. ಅದರಲ್ಲಿ ಬೇರು ಸೊಪ್ಪಿನ ಮಾತು ಕೊನೆಗಿತ್ತು. ಮೊದಲು ಇದ್ದದ್ದು ಇಷ್ಟೇ: ಗೊರಕೆ ಕೇಳಿದ ದಿನವೇ ಬಾತ ದನವನ್ನು ಬೇರೆ ಕಟ್ಟು. ಉಳಿದವನ್ನು ಅದು ಕುಡಿದ ಕಟ್ಟೆಯ ನೀರಿಗೆ ಬಿಡಬೇಡ. ಗುಡ್ಡದ ಆಚೆಯ ನೀರಿಗೆ ಹೊಡೆದುಕೊಂಡು ಹೋಗು.

ಕರಿಯಕ್ಕ ಅಷ್ಟು ದಿನವೂ ಎಲ್ಲ ದನಗಳನ್ನೂ ಒಂದೇ ಕಟ್ಟೆಗೆ ಹೊಡೆದುಕೊಂಡು ಹೋಗಿದ್ದಳು. ಬಾತ ಗಂಟಲಿಗೆ ತಂಪಾಗಲೆಂದು ದಿನಕ್ಕೆ ಎರಡು ಸಲ.

"ಇದು ಅಲ್ಲೇ ಇತ್ತಾ?" ಎಂದು ಕೇಳಿದಳು.

"ಇತ್ತು."

"ನಾ ಕೇಳಿದ್ದು ತಪ್ಪಾಯ್ತಾ?"

"ಇಲ್ಲ ತಾಯಿ," ಎಂದರು ವೈದ್ಯರು.

ಅವಳು ಇಬ್ಬರು ಹೆಣ್ಣುಮಕ್ಕಳನ್ನೂ ಕರೆದು ಕೂರಿಸಿದಳು. "ಇನ್ನೊಂದು ಸಲ ಓದಿ. ಬಾಯಿಪಾಠ ಮಾಡ್ಕೊತೀವಿ. ಮತ್ತೆ ಆ ಕಿಂಡಿ ತಾವ ಬರಾಕಿಲ್ಲ," ಎಂದಳು. ವೈದ್ಯರು ಓದಿದರು. ತಾಯಿ ಮಕ್ಕಳಿಗೆ ಒಂದಕ್ಷರ ತಪ್ಪದೆ ಬರುವವರೆಗೆ ಮೂರು ಸಲ ಓದಿದರು. ಅವಳು ಅವರಿಗೆ ಕುಡಿಯಲು ನೀರು ಕೊಟ್ಟಳು. ಮಜ್ಜಿಗೆ ಇರಲಿಲ್ಲ.

ವೈದ್ಯರು ಮಂಟಪಕ್ಕೆ ಬಂದು ನಡೆದದ್ದನ್ನು ಹೇಳಿದರು. ಗೊರಕೆ ಬೇನೆ ಎಂಬ ಮಾತನ್ನು ಪಟ್ಟಿಗೆ ಸೇರಿಸೋಣ ಎಂದರು. ಅದನ್ನು ಸೇರಿಸಿದರೆ ಹಟ್ಟಿಹಟ್ಟಿಯ ಮಾತನ್ನೂ ಸೇರಿಸಬೇಕಾಗುತ್ತದೆ ಎಂದರು ಉಪಾಧ್ಯಾಯರು. ಪಟ್ಟಿ ಕೆಡುತ್ತದೆ ಎಂದರು ಪಂಡಿತರು. ಆದರೂ ಇಬ್ಬರಿಗೂ ದುಃಖವಾಗಿತ್ತು. ಇನ್ನು ಯಾರಿಗೂ ಹೀಗಾಗಬಾರದೆಂದು ಕಿಂಡಿಯ ಮೇಲೆ ಒಂದು ಹಲಗೆ ಹಾಕಿಸಿದರು. ಕೇಳುವವರು ಶುದ್ಧವಾದ ಪದಗಳಲ್ಲಿ ಕೇಳತಕ್ಕದ್ದು ಎಂದು ಅದರಲ್ಲಿ ಬರೆಸಿದರು. ದೂರದ ಊರುಗಳಿಂದ ವಿದ್ವಾಂಸರು ಬಂದು ಪಟ್ಟಿಯನ್ನು ನೋಡಿ ಹೊಗಳಿದರು. ಬಯಲಿನ ಹಟ್ಟಿಗಳಿಂದ ಯಾರೂ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ನೇಮಿರಾಜ ತಲೆ ತಗ್ಗಿಸಿ ಕುಳಿತಿದ್ದ. ತಲೆ ಎತ್ತಿ ಹೇಳಿದ: "ನಮ್ಮದು ಅಷ್ಟು ಕೆಟ್ಟದಾಗಿಲ್ಲ ಗುರುಗಳೇ. ಆರು ತಿಂಗಳಾಯಿತು, ಈವರೆಗೆ ಯಾರೂ ಒಂದು ದೂರು ಕೊಟ್ಟಿಲ್ಲ."

"ಕರಿಯಕ್ಕನೂ ಕೊಡಲಿಲ್ಲ," ಎಂದರು ಗುರುಗಳು.